ಬಾಳೇಶ ಮಿಸ್ತ್ರಿ ದೀಪ ದೊಡ್ಡದು ಮಾಡಿದ್ದು

ಬೆಳಗಾವಿಯ ಆಟೋ ನಗರದಲ್ಲಿ ಬಾಳೇಶ ಮಿಸ್ತ್ರಿ ನಕ್ಕಿದ್ದನ್ನು ಕಂಡವರು ಇಬ್ಬರೇ. ಒಬ್ಬಳು ಅವನ ಹೆಂಡತಿ ತ್ರಿವೇಣಿ. ಆಕೆಯೂ ಆಣೆ ಮಾಡಿ ಹೇಳುವುದಿಲ್ಲ, ಅದು ಹಲ್ಲುನೋವಿನ ಮುಖ ಇದ್ದರೂ ಇರಬಹುದು ಅನ್ನುತ್ತಾಳೆ. ಇನ್ನೊಬ್ಬ ಈಗ ಬದುಕಿಲ್ಲ. ಹಾಗಂತ ಬಾಳೇಶ ಸಿಡುಕನಲ್ಲ, ದುಃಖದವನೂ ಅಲ್ಲ. ಮುಖಕ್ಕೂ ತನ್ನ ಕೆಲಸಕ್ಕೂ ಸಂಬಂಧವಿಲ್ಲ ಅಂತ ಅದನ್ನು ಅದರ ಪಾಡಿಗೆ ಬಿಟ್ಟಿದ್ದಾನೆ, ಅಷ್ಟೇ.

ಅವನ ಕೆಲಸ ದೊಡ್ಡ ಗಾಡಿಗಳ ವೈರಿಂಗು. ಮುಂದೆ ಎಂಜಿನ್ನು, ಹಿಂದೆ ನಲವತ್ತು ಅಡಿ ಟ್ರೇಲರು, ಇಂಥವುಗಳ ದೀಪ, ಹಾರ್ನು, ಬ್ರೇಕಿನ ವೈರು. ಹುಟ್ಟಿದ್ದು ನಂದಗಡದ ಹತ್ತಿರ, ಕುರಿ ಕಾಯುವ ಮನೆಯಲ್ಲಿ. ಅಪ್ಪ ಲಕ್ಷ್ಮಣನಿಗೆ ಎಪ್ಪತ್ತು ಕುರಿ, ಒಬ್ಬನೇ ಮಗ. ಆ ಒಬ್ಬ ಮಗನನ್ನು ಕುರಿ ಹಿಂದೆ ಕಳಿಸಿದರೆ ಕುರಿ ಬಿಟ್ಟು ಲೈಟಿನ ಕಂಬ ನೋಡುತ್ತ ನಿಲ್ಲುತ್ತಿದ್ದ. ಎರಡು ಕುರಿ ಕಳೆದುಹೋದ ಮೇಲೆ ಅಪ್ಪನೇ ಅವನನ್ನು ಬಸ್ಸು ಹತ್ತಿಸಿ ಶಹಾಪುರಕ್ಕೆ ಅಟ್ಟಿದ. ಅಲ್ಲಿ ಮಗ್ಗದ ಮೋಟರು ಸುತ್ತುವ ಅಂಗಡಿಯಲ್ಲಿ ಬಾಳೇಶ ಒಂಬತ್ತು ವರ್ಷ ತಾಮ್ರದ ತಂತಿ ಸುತ್ತಿದ. ಆಮೇಲೆ ಮಗ್ಗಗಳು ಕಡಿಮೆಯಾದವು, ಗಾಡಿಗಳು ಹೆಚ್ಚಾದವು. ತನ್ನ ಮೀಟರು, ಇಕ್ಕಳ ತೆಗೆದುಕೊಂಡು ಆಟೋ ನಗರಕ್ಕೆ ಬಂದ. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಬಾಳಿನಲ್ಲಿ ಇಲ್ಲ ಅಂತ ಅವನೇ ಹೇಳುತ್ತಾನೆ. ಅವನ ಮಾತನ್ನು ನಾವು ಪೂರ್ತಿ ನಂಬಬೇಕಾಗಿಲ್ಲ.

ಗಾಡಿ ತಂದವರಿಗೆ ಬಾಳೇಶನ ಮೇಲೆ ಒಂದೇ ದೂರು. ಗಾಡಿಗೆ ಕೈ ಹಚ್ಚುವ ಮೊದಲು ಡ್ರೈವರನನ್ನು ಕೂರಿಸಿಕೊಂಡು ವಿಚಾರಣೆ ಮಾಡುತ್ತಾನೆ. ಲೈಟು ಯಾವಾಗ ಹತ್ತುತ್ತದೆ? ಹೊಟ್ಟೆ ತುಂಬಿದಾಗಲೋ ಖಾಲಿ ಇದ್ದಾಗಲೋ? ಅಂದರೆ ಲೋಡು ಇದ್ದಾಗಲೋ ಇಲ್ಲದಾಗಲೋ ಅಂತ. ಎಡಕ್ಕೆ ಹೊರಳಿದಾಗಲೋ, ಬಲಕ್ಕೋ? ಎಷ್ಟು ಹರದಾರಿ ಓಡಿದ ಮೇಲೆ? ಒಬ್ಬ ಡ್ರೈವರು ಸಿಟ್ಟಿಗೆದ್ದು, "ಮಿಸ್ತ್ರಿ, ನಾ ಗಾಡಿ ತಂದೀನಿ, ಬಾಣಂತೀನ ತಂದಿಲ್ಲ" ಅಂದಿದ್ದ. ಬಾಳೇಶ ಅದನ್ನೂ ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡು, "ಹೌದಾ, ಎಷ್ಟು ಹರದಾರಿ ಆದ ಮ್ಯಾಲ?" ಅಂದ.

ಈ ಟ್ರೇಲರುಗಳಲ್ಲಿ ಈಗ ಎಬಿಎಸ್ ಅನ್ನುವ ಒಂದು ಏರ್ಪಾಡು ಇರುತ್ತದೆ. ಜೋರಾಗಿ ಬ್ರೇಕು ತುಳಿದಾಗ ಗಾಲಿ ಬಿಗಿದುಕೊಂಡು ಜಾರಿ ಹೋಗದಂತೆ ಅದು ನೋಡಿಕೊಳ್ಳುತ್ತದೆ. ಗಾಲಿಯ ಹತ್ತಿರ ಕೂತ ಪುಟ್ಟ ಸೆನ್ಸರು ಗಾಲಿ ಎಷ್ಟು ಜೋರು ತಿರುಗುತ್ತಿದೆ ಅಂತ ಲೆಕ್ಕ ಕಳಿಸುತ್ತ ಇರುತ್ತದೆ. ಲೆಕ್ಕ ತಪ್ಪಿದರೆ ಡ್ರೈವರನ ಮುಂದೆ ಕಡಲೆಕಾಳಿನಷ್ಟು ಹಳದಿ ದೀಪ ಹತ್ತುತ್ತದೆ. ಚಾವಿ ತಿರುವಿದ ಕೂಡಲೇ ಅದು ಒಮ್ಮೆ ಹತ್ತಬೇಕು, ಗಾಡಿ ನಾಲ್ಕು ಮಾರು ಉರುಳಿದ ಮೇಲೆ ಹೋಗಬೇಕು. ಹೋಗದಿದ್ದರೆ ಎಲ್ಲೋ ಕೆಟ್ಟಿದೆ ಅಂತ ಅರ್ಥ. ಎಲ್ಲಿ ಅಂತ ಹುಡುಕುವುದಕ್ಕೆ ದಿನ ಬೇಕು. ದೀಪದ ಬಲ್ಬು ಕೀಳುವುದಕ್ಕೆ ಹತ್ತು ನಿಮಿಷ ಸಾಕು. ಬೈಪಾಸಿನ ಬಾಜು ಒಬ್ಬ ಮಹಾಶಯ ಈ ಹತ್ತು ನಿಮಿಷದ ವಿದ್ಯೆಯ ಮೇಲೆಯೇ ಎರಡಂತಸ್ತಿನ ಮನೆ ಕಟ್ಟಿದ್ದಾನೆ. ಬಾಳೇಶನದು ಇನ್ನೂ ತಗಡಿನ ಶೆಡ್ಡು.

ಇನ್ನು ಗುರುಪುತ್ರಪ್ಪನವರು. ಮಹಾಂತೇಶ ನಗರದಲ್ಲಿ ಮನೆ, ರಸ್ತೆಯ ಮೇಲೆ ಆರು ಟ್ರೇಲರು. ದಿನಾ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸದೆ ಒಂದು ಗುಟುಕು ಚಹಾ ಕುಡಿಯುವವರಲ್ಲ. ಬಾಳೇಶನ ಮನೆಯಲ್ಲಿ ಒಲೆ ಉರಿಯುವುದು ಅರ್ಧಕ್ಕರ್ಧ ಅವರ ಗಾಡಿಗಳಿಂದಲೇ. ಸಾವ್ಕಾರರು ಒಳ್ಳೆಯವರು. ಯಾರ ಮದುವೆ ಇದ್ದರೂ ಹೋಗುತ್ತಾರೆ, ಯಾರು ಸತ್ತರೂ ಹೋಗುತ್ತಾರೆ. ಬಾಯಲ್ಲಿ ಕೆಟ್ಟ ಮಾತಿಲ್ಲ. ಕೆಟ್ಟ ಮಾತು ಇಲ್ಲ ಅಂದರೆ ಎಲ್ಲಿಯ ತನಕ ಇಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕಡೆ ದೇವರ ಮುಂದಿನ ದೀಪವನ್ನು ಆರಿಸು ಅನ್ನುವುದಿಲ್ಲ. ಅನ್ನಬಾರದು, ಅಪಶಕುನ. ದೀಪ ದೊಡ್ಡದು ಮಾಡು ಅನ್ನುತ್ತಾರೆ. ಕೇಳಿದವರು ಬತ್ತಿ ಏರಿಸಲು ಹೋಗುವುದಿಲ್ಲ, ಸೆರಗಿನಿಂದ ಮೆಲ್ಲಗೆ ಶಾಂತ ಮಾಡುತ್ತಾರೆ. ಚಿಕ್ಕ ಮಕ್ಕಳಿಗೂ ಇದು ಗೊತ್ತು. ಕರೆಂಟಿನ ದೀಪಕ್ಕೆ ಮಾತ್ರ ಈ ಮರ್ಯಾದೆ ಇಲ್ಲ, ಲೈಟ್ ಬಂದ್ ಮಾಡು ಅಂದರೆ ಮುಗಿಯಿತು. ಆದರೆ ಗುರುಪುತ್ರಪ್ಪನವರು ದೀಪ ದೀಪವೇ ಅನ್ನುವ ಪಂಗಡ. ಟ್ಯೂಬ್‌ಲೈಟನ್ನೂ ಅವರು ದೊಡ್ಡದು ಮಾಡಿಸುತ್ತಾರೆ. ಗಾಡಿಯ ಇಂಡಿಕೇಟರನ್ನೂ ದೊಡ್ಡದು ಮಾಡಿಸುತ್ತಾರೆ. ಆರಿಸು ಅನ್ನುವ ಶಬ್ದ ಅವರ ಬಾಯಿಂದ ಬಂದದ್ದನ್ನು ಮನೆಯವರೂ ಕೇಳಿಲ್ಲ.

ಕಳೆದ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಬೀರಣ್ಣ ಸಾವ್ಕಾರರ ಟ್ರೇಲರನ್ನು ಬಾಳೇಶನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಬೀರಣ್ಣ ಹದಿನಾಲ್ಕು ವರ್ಷದಿಂದ ಅವರ ಡ್ರೈವರು. ನಲವತ್ತರ ಆಸುಪಾಸು, ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವನು ಕೆಳಗಿಳಿದ ಕೂಡಲೇ ಬಾಳೇಶ ವಿಚಾರಣೆ ಶುರು ಮಾಡಿದ.

"ಯಾವಾಗ ಹತ್ತತೈತಿ?"

"ಹೊಟ್ಟಿ ತುಂಬಿದಾಗ ಅಷ್ಟ ಅಣ್ಣಾ. ಖಾಲಿ ಇದ್ದಾಗ ಭಾಳ ಶಾಣ್ಯಾ ಆಗಿ ಬರತೈತಿ. ಲೋಡ್ ಹೇರಿ ಇಪ್ಪತ್ತು ಕಿಲೋಮೀಟರ್ ಹೋದ್ನೆಪಾ ಅಂದ್ರ ಲೈಟ್ ಹತ್ತತೈತಿ. ಮತ್ತ ಬ್ರೇಕ್ ತುಳದ್ರ ಹಿಂದ ಎಡಕ್ಕ ಜಗ್ಗಿದಂಗ ಆಕ್ಕೈತಿ."

"ಸಾವ್ಕಾರ್ರಿಗೆ ಹೇಳೀಯೇನು?"

"ನಾಕ್ ತಿಂಗಳದಾಗ ನಾಕ್ ಸಲ ಹೇಳೀನಿ. ಬೀರ್ಯಾ, ನಿನಗ ಘಾಟ್ ಇಳಿಯಾಕ ಅಂಜಿಕಿ ಬಂದೈತಿ, ವಯಸ್ಸಾತು, ಅಂತಾರ. ಅಂಜಿಕಿ ಬಂದೈತಿ ಖರೇ. ಯಾಕ ಬರಬಾರದು?"

ಬಾಳೇಶ ಮೀಟರು ಹಿಡಿದು ಟ್ರೇಲರಿನ ಕೆಳಗೆ ತೂರಿದ. ಎಂಜಿನ್ನಿನಿಂದ ಟ್ರೇಲರಿಗೆ ಹೋಗುವ ಕೇಬಲ್ಲಿನ ಪಿನ್ನುಗಳನ್ನು ಉಜ್ಜಿ ನೋಡಿದ, ತುಕ್ಕಿಲ್ಲ. ಕರೆಂಟು ಬರಬೇಕಾದಷ್ಟು ಬರುತ್ತಿತ್ತು. ವೈರನ್ನು ಗೇಣು ಗೇಣಾಗಿ ಬೆರಳಲ್ಲಿ ಸವರಿದ, ಎಲ್ಲೂ ಉಜ್ಜಿ ಹರಿದಿರಲಿಲ್ಲ. ಸೆನ್ಸರುಗಳೆಲ್ಲ ಮೀಟರಿನಲ್ಲಿ ಸರಿಯಾದ ಅಂಕಿ ತೋರಿಸಿದವು. ದೀಪವೂ ಚಾವಿ ತಿರುವಿದಾಗ ಹತ್ತಿ, ಗಾಡಿ ಉರುಳಿದಾಗ ಹೋಯಿತು. ಗಾಡಿ ಖಾಲಿ ಇತ್ತಲ್ಲ. ಮೂರು ತಾಸು ಕೆಳಗೆ ಮಲಗಿದ್ದವನು ಹೊರಗೆ ಬಂದು ಮಣ್ಣು ಝಾಡಿಸಿಕೊಂಡ.

"ವೈರಿಂದಲ್ಲ ಇದು. ಗಾಲಿ ಎತ್ತಿ ನೋಡಬೇಕು. ಎಲ್ಲಾ ಗಾಲಿ. ನಾಳಿ ಒಂದು ದಿನ ಗಾಡಿ ಇಲ್ಲೇ ನಿಂದ್ರಬೇಕು" ಅಂದ.

ಅಷ್ಟೊತ್ತಿಗೆ ಗುರುಪುತ್ರಪ್ಪನವರ ಕಾರು ಬಂತು. ಬಾಳೇಶನ ಮಾತು ಕೇಳಿ ಸಾವ್ಕಾರರು ವಿಭೂತಿಯ ಮೇಲೆ ಬೆರಳಾಡಿಸಿಕೊಂಡರು. ಅವರು ಬೇಸರ ತೋರಿಸುವ ರೀತಿ ಅದು.

"ಏ ಬಾಳೇಶ, ನಾಳಿ ಮುಂಜಾನೆ ಎರಕದ ಸಾಮಾನು ಹೇರಿ ಗಾಡಿ ಗೋವಾಕ್ಕ ಹೋಗಬೇಕು. ಬಂದರದಾಗ ಹಡಗ ನಿಂತೈತಿ. ಹಡಗ ನಿಮ್ಮಪ್ಪನ ಸಲುವಾಗಿ ನಿಂದ್ರತೈತೇನು?"

"ನಮ್ಮಪ್ಪ ಹಡಗ ನೋಡಿಲ್ರಿ" ಅಂದ ಬಾಳೇಶ.

"ಚ್ಯಾಷ್ಟಿ ಮಾಡಬ್ಯಾಡ. ಮೀಟರ್ ಏನ ಅಂತು? ಎಲ್ಲಾ ಸರಿ ಅಂತು. ಅಂದಮ್ಯಾಲ ಕೆಟ್ಟಿದ್ದು ಏನು? ಆ ಹಾಳಾದ್ದು ಹಳದಿ ದೀಪ. ಅದನ್ನ ನೋಡಿ ನೋಡಿ ಇವಗ ಹೊಟ್ಟ್ಯಾಗ ನಡಕ ಹುಟ್ಟೇತಿ. ಆ ದೀಪ ದೊಡ್ಡದು ಮಾಡಿ ಕಳಸು, ಮುಗದ ಹೋತು. ನಿನ್ನ ಕೈಲೆ ಆಗಂಗಿಲ್ಲ ಅಂದ್ರ ಹೇಳಿಬಿಡು, ಬೈಪಾಸಿನ್ಯಾಗ ಹತ್ತು ಮಿನಿಟಿನ ಕೆಲಸ. ಮತ್ತ ಬೀರ್ಯಾ, ನೀನೂ ಹೇಳಿಬಿಡು. ಡ್ರೈವರ್ ಬೇಕಾದಷ್ಟು ಮಂದಿ ಅದಾರ."

ಬೀರಣ್ಣ ಬಾಳೇಶನ ಮುಖ ನೋಡಿದ. ಅಲ್ಲಿ ಓದಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಆದರೆ ಒಳಗೆ ಬಾಳೇಶ ಲೆಕ್ಕ ಹಾಕುತ್ತಿದ್ದ. ಆಗುವುದಿಲ್ಲ ಅಂದರೆ ಗಾಡಿ ಬೈಪಾಸಿಗೆ ಹೋಗುತ್ತದೆ, ಬಲ್ಬು ಹೋಗುತ್ತದೆ, ನಾಳೆ ಬೀರಣ್ಣ ಕುರುಡು ಗಾಡಿ ತೆಗೆದುಕೊಂಡು ಗೋವಾ ದಾರಿಯ ಅನಮೋಡ ಘಾಟು ಇಳಿಯುತ್ತಾನೆ. ಆಗಲಿ ಅಂದರೆ ಆ ಬಲ್ಬನ್ನು ತಾನೇ ಕೀಳಬೇಕು, ಘಾಟು ಅದೇ, ಬೀರಣ್ಣನೂ ಅವನೇ. ಹಿಂದೆ ಒಮ್ಮೆ, ಒಂದೇ ಒಮ್ಮೆ, ಒಬ್ಬರ ಕಾಟ ತಾಳದೆ ಬಾಳೇಶ ಬಲ್ಬು ಕಿತ್ತಿದ್ದ. ಆ ಡ್ರೈವರು ಗೋವಾಕ್ಕೆ ಹೋಗಿ, ಏನೂ ಆಗದೆ, ಒಂದು ಪಾಕೀಟು ಗೋಡಂಬಿ ತಂದುಕೊಟ್ಟಿದ್ದ. ಏನೂ ಆಗಲಿಲ್ಲ ಅನ್ನುವುದೇ ಬಾಳೇಶನಿಗೆ ತೊಂದರೆಯಾಗಿತ್ತು. ಆ ಡ್ರೈವರು ತಿರುಗಿ ಬರುವ ತನಕ ಎರಡು ದಿನ ಬಾಳೇಶ ಅನ್ನ ನೀರು ಬಿಟ್ಟು ಕೂತಿದ್ದನ್ನು ತ್ರಿವೇಣಿ ನೋಡಿದ್ದಳು. ಗೋಡಂಬಿಯನ್ನು ಅವಳೇ ಆಚೆಮನೆಗೆ ಕೊಟ್ಟಳು.

ಬಾಳೇಶ, "ದೊಡ್ಡದು ಮಾಡ್ಲ್ಯಾರಿ ಹಂಗಾರ?" ಅಂತ ಕೇಳಿದ.

"ಮಾಡು ಅಂತನ ಹೇಳಾಕತ್ತೀನಲ್ಲೋ!"

"ಬೀರಣ್ಣ, ನೀನೂ ಕೇಳಿದಿ ಹೌದಿಲ್ಲೋ? ಸಾವ್ಕಾರ್ರು ದೊಡ್ಡದು ಮಾಡು ಅಂದಾರ."

"ಕೇಳಿದೆ" ಅಂದ ಬೀರಣ್ಣ, ಸತ್ತ ದನಿಯಲ್ಲಿ. ಸಾವ್ಕಾರರು ಕಾರು ಹತ್ತಿ ಹೋದರು.

ಬಾಳೇಶ ಶೆಡ್ಡಿನ ಮೂಲೆಯ ಟ್ರಂಕು ತೆಗೆದ. ಅದರಲ್ಲಿ ಮುರಿದ ಬಸ್ಸಿನ ಹಿಂದಿನ ಇಂಡಿಕೇಟರು ಒಂದಿತ್ತು. ಊಟದ ತಾಟಿನಷ್ಟು ಅಗಲ, ಹಳದಿ ಗಾಜು, ಒಳಗೆ ದಪ್ಪ ಬಲ್ಬು. ಅದನ್ನು ಒರೆಸಿದ. ಡ್ರೈವರನ ಮುಂದಿನ ಕಡಲೆಕಾಳಿನ ವೈರಿಗೆ ರಿಲೇ ಅನ್ನುವ ಒಂದು ಸ್ವಿಚ್ಚು ಜೋಡಿಸಿ, ಅದರಿಂದ ಈ ತಾಟಿಗೆ ಲೈನು ಎಳೆದು, ಸ್ಟೇರಿಂಗಿನ ನೆಟ್ಟ ಎದುರಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದ. ಈಗ ಕಡಲೆಕಾಳು ಹತ್ತಿದರೆ ತಾಟೂ ಹತ್ತುತ್ತಿತ್ತು. ಬೀರಣ್ಣ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ.

"ಅಣ್ಣಾ, ಏನ್ ಮಾಡಾಕತ್ತೀ?"

"ಕಿವಿ ಕೇಳಂಗಿಲ್ಲೇನು ನಿನಗ? ಸಾವ್ಕಾರ್ರು ಹೇಳಿದ್ದು."

ಬೀರಣ್ಣನಿಗೆ ಅದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅವನು ಬಾಗಿಲು ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಬಾಳೇಶ ನಗಲಿಲ್ಲ. "ನಾಳಿ ಇದು ಹತ್ತಿದ ಕೂಡ್ಲೆ ಗಾಡಿ ಬಾಜೂಕ ಹಚ್ಚಿ ನನಗ ಫೋನ್ ಮಾಡು. ಒಂದು ಮಾರು ಮುಂದ ಹೋಗಬ್ಯಾಡ" ಅಂದ.

ಮರುದಿನ ಬೆಳಿಗ್ಗೆ ತ್ರಿವೇಣಿ ಚಹಾ ಕೊಡಲು ಬಂದರೆ ಗಂಡ ಆಗಲೇ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಬೈಕಿನ ಹಿಂದೆ ಜಾಕು, ಕಬ್ಬಿಣದ ಸಳಿ, ನಟ್ಟು ಬಿಚ್ಚುವ ಪಾನಾಗಳ ಚೀಲ ಹಗ್ಗದಲ್ಲಿ ಬಿಗಿದಿತ್ತು.

"ಎಲ್ಲಿಗಿ ಹೊಂಟೀರಿ?"

"ಗೊತ್ತಿಲ್ಲ. ಫೋನ್ ಬರಬೇಕು."

"ಬರಲಿಲ್ಲಾಂದ್ರ?"

"ಬರತೈತಿ."

ತ್ರಿವೇಣಿ ಇಂಥ ಗಂಡನ ಜೊತೆ ಇಪ್ಪತ್ತೆರಡು ವರ್ಷ ಬಾಳಿದವಳು. ಒಳಗೆ ಹೋಗಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಒಂಬತ್ತೂಕಾಲಿಗೆ ಫೋನು ಬಂತು.

"ಅಣ್ಣಾ, ಖಾನಾಪುರಕ್ಕ ಬಂದ್ನಿ. ಹತ್ತೇತಿ. ಹತ್ತೇತಿ ಅಂದ್ರ ಏನಂತ ಹೇಳ್ಲಿ, ಗಾಡಿ ಒಳಗ ಎಲ್ಲಾ ಹಳದಿ. ನನಗ ರಸ್ತಾನ ಕಾಣವಲ್ದು."

ಬಾಳೇಶ ಖಾನಾಪುರ ಮುಟ್ಟುವ ಹೊತ್ತಿಗೆ ಊರ ಹೊರಗಿನ ಚಹಾದ ಅಂಗಡಿಯ ಮುಂದೆ ಟ್ರೇಲರು ನಿಂತಿತ್ತು, ಅದರ ಸುತ್ತ ಹತ್ತಿಪ್ಪತ್ತು ಜನ ನಿಂತಿದ್ದರು. ಹಗಲಿನಲ್ಲೂ ಗಾಡಿಯ ಮುಂಗಾಜು ಝಗ್ ಅನ್ನುತ್ತಿತ್ತು. ಅಂಗಡಿಯ ಪ್ರಮಿಳಾ, ಮನೆಯಲ್ಲಿ ಮರಾಠಿ, ಗಿರಾಕಿಯ ಜೊತೆ ಕನ್ನಡ ಆಡುವ ಗಟ್ಟಿ ಹೆಂಗಸು, ಬೀರಣ್ಣನಿಗೆ ಚಹಾ ಕೊಡುತ್ತ, "ಅಗಬಾಯಿ! ಗಾಡ್ಯಾಗ ಯಾರದರ ಹಳದಿ ಐತೇನ್ರಿ? ಲಗ್ನ ಯಾವತ್ತು?" ಅಂತ ಕೇಳುತ್ತಿದ್ದಳು. ಹಳದಿ ಅಂದರೆ ಮದುವೆಯ ಹಿಂದಿನ ದಿನದ ಅರಿಶಿನ. ಬೀರಣ್ಣನ ಕಣ್ಣು ಬೆಳಗಾವಿಯ ರಸ್ತೆಯ ಮೇಲಿತ್ತು. ಬಸಿಯಲ್ಲಿ, ಅಂದರೆ ಸಾಸರಿನಲ್ಲಿ, ಹಾಕಿದ ಚಹಾ ಅವನ ಕೈಯಲ್ಲೇ ತಣ್ಣಗಾಗುತ್ತಿತ್ತು.

ಬಾಳೇಶ ಬೈಕು ಇಳಿದು ಜಾಕು ಬಿಚ್ಚುತ್ತಿದ್ದಾಗ ಗುರುಪುತ್ರಪ್ಪನವರ ಕಾರೂ ಬಂತು. ಗಾಡಿ ನಿಂತ ಸುದ್ದಿಯನ್ನು ಬೀರಣ್ಣನೇ ಅವರಿಗೂ ಫೋನಿನಲ್ಲಿ ಹೇಳಿದ್ದ. ಅವರು ಇಳಿದು ಗಾಡಿಯ ಒಳಗೆ ಹಣಿಕಿ ನೋಡಿದರು. ಹಳದಿ ಬೆಳಕು ಮುಖದ ಮೇಲೆ ಬಿದ್ದು, ಕಣ್ಣು ಮುಚ್ಚಿಕೊಂಡು ಹಿಂದೆ ಸರಿದರು.

"ಬಾಳೇಶಾ! ನಾ ನಿನಗೇನ್ ಹೇಳಿದ್ದೆ?"

"ದೀಪ ದೊಡ್ಡದು ಮಾಡು ಅಂದಿದ್ರಿ. ಮಾಡೀನ್ರಿ."

"ದೊಡ್ಡದು ಮಾಡು ಅಂದ್ರ ಏನಂತ ನಿನಗ ಗೊತ್ತಿಲ್ಲೇನು? ಏನ್ ವಿಲಾಯತಿಯಿಂದ ಬಂದೀ? ನಂದಗಡದಾಂವ ನೀನು!"

"ಗೊತ್ತೈತ್ರಿ."

"ಮತ್ತ?"

ಬಾಳೇಶ ಜಾಕನ್ನು ನೆಲದ ಮೇಲಿಟ್ಟ. "ಸಾವ್ಕಾರ್ರ, ಇದು ದೇವರ ಜಗಲಿ ಅಲ್ರಿ. ಇಲ್ಲಿ ನಾ ಆ ಮಾತು ತಿಳಕೊಂಡ್ರ ನಾಳಿ ಬೀರಣ್ಣನ ಹೆಂಡ್ತಿಗೆ ನಾನ ತಿಳಿಸಿ ಹೇಳಬೇಕಾಕ್ಕೈತಿ. ನಿಮಗ ಬ್ಯಾಡ ಅಂದ್ರ ಬಾಯಿ ಬಿಟ್ಟು ಹೇಳ್ರಿ. ಬಾಳೇಶ, ಬೀರಣ್ಣನ ದೀಪ ಆರಸು, ಅನ್ರಿ. ಈ ಮಂದಿ ಎದುರಿಗೆ ಹಿಂಗ ಕಿತ್ತ ಒಗೀತೀನಿ."

ಸುತ್ತಲಿನ ಜನ ಒಂದು ಹೆಜ್ಜೆ ಮುಂದೆ ಬಂದರು. ಬೆಳಗಿನ ಹೊತ್ತು, ಪೂಜೆ ಮುಗಿಸಿ ಬಂದ ಹಣೆ, ಮೂರು ಬೆರಳಿನ ವಿಭೂತಿ. ಗುರುಪುತ್ರಪ್ಪನವರು ಬಾಯಿ ತೆರೆದರು. ಮುಚ್ಚಿದರು. ಬೀರಣ್ಣನ ಕಡೆ ನೋಡಿದರು. ಬೀರಣ್ಣ ಬಸಿ ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದ, ತನ್ನ ಹೆಸರಿನ ಮುಂದೆ ಆ ಶಬ್ದ ಬರುತ್ತದೋ ಇಲ್ಲವೋ ಅಂತ.

"ಏನ್ ನೋಡ್ತಿ ನೋಡಿ ಮುಗಸು" ಅಂದು ಅವರು ಪ್ರಮಿಳಾಳ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು.

ಆ ಟ್ರೇಲರಿನ ಎಬಿಎಸ್ ದೀಪಕ್ಕೆ ಒಂದು ಗುಣವಿತ್ತು. ಕೆಟ್ಟಿರುವ ಹೊತ್ತಿನಲ್ಲೇ ಕೇಳಿದರೆ ಕೆಟ್ಟ ಜಾಗ ಯಾವುದು ಅಂತ ಮಿಣಕಿ ಹೇಳುತ್ತಿತ್ತು. ಚಾವಿಯನ್ನು ತಿರುವಿ, ತೆಗೆದು, ಮತ್ತೆ ತಿರುವಿದರೆ ಇಷ್ಟು ಸಲ ಮಿಣಕಿದರೆ ಈ ಗಾಲಿ, ಅಷ್ಟು ಸಲ ಮಿಣಕಿದರೆ ಆ ಗಾಲಿ. ಕಡಲೆಕಾಳಿನಷ್ಟು ದೀಪದಲ್ಲಿ ಇದನ್ನು ಎಣಿಸಲು ಕಣ್ಣು ಕಿರಿದು ಮಾಡಿ ಕೂರಬೇಕು. ಈಗ ಆ ಕಷ್ಟವಿರಲಿಲ್ಲ. ಬೀರಣ್ಣ ಚಾವಿ ತಿರುವಿದ, ತಾಟು ಝಗ್ಗನೆ ಮಿಣಕತೊಡಗಿತು, ನೆರೆದ ಜನವೆಲ್ಲ ದನಿ ಎತ್ತಿ ಎಣಿಸತೊಡಗಿದರು. ಎಡಗಡೆ ನಿಂತವರು ಒಂದ, ಎರಡ, ಮೂರ ಅಂದರು. ಬಲಗಡೆಯವರು ಏಕ, ದೋನ, ತೀನ, ಚಾರ ಅಂದರು. ಎರಡು ಭಾಷೆಗೆ ಎರಡು ಲೆಕ್ಕ ಬಂತು. ಯಾರದು ಖರೆ ಅಂತ ಅಲ್ಲೇ ಜಗಳ ಎದ್ದಿತು.

"ಸುಮ್ಮ ನಿಂದರ್ರಿ ಎಲ್ಲಾರೂ. ಮೂರ ಅಂದ ನಮ್ಮಾಂವ ಮೊದಲಿಂದ ನೋಡಿಲ್ಲ" ಅಂತ ಪ್ರಮಿಳಾ ತನ್ನ ಗಂಡನನ್ನೇ ಗದರಿಸಿದಳು. ಬಾಳೇಶ ಮತ್ತೊಮ್ಮೆ ಚಾವಿ ತಿರುವಿಸಿ ತಾನೇ ಎಣಿಸಿದ. ನಾಲ್ಕು. ಹಿಂದಿನ ಅಚ್ಚು, ಎಡಗಡೆ.

ಆ ಗಾಲಿಯ ನಡುಭಾಗಕ್ಕೆ ಅವನು ಒಂದು ಚೊಂಬು ನೀರು ಚಿಮುಕಿಸಿದ. ನೀರು ಕಾದ ಹಂಚಿಗೆ ಬಿದ್ದಂತೆ ಚೊಯ್ ಅಂದು ಹಬೆಯಾಯಿತು. ಪಕ್ಕದ ಗಾಲಿಗೆ ಚಿಮುಕಿಸಿದ, ನೀರು ಸುಮ್ಮನೆ ಹರಿದು ಕೆಳಗಿಳಿಯಿತು. ಜಾಕು ಕೊಟ್ಟು ಅಚ್ಚು ಎತ್ತಿ, ಟೈರಿನ ಕೆಳಗೆ ಸಳಿ ತೂರಿಸಿ ಮೀಟಿದ. ಅಲ್ಲಾಡಬಾರದ ಗಾಲಿ ಎರಡು ಬೆರಳಿನಷ್ಟು ಅಲ್ಲಾಡಿತು, ಒಳಗೆ ಕಟಕಟ ಅಂತು. ಅಲ್ಲಿಗೆ ಬಾಳೇಶನಿಗೆ ಎಲ್ಲ ತಿಳಿಯಿತು. ಗಾಲಿ ಅಲ್ಲಾಡಿದಂತೆ ಸೆನ್ಸರಿಗೂ ಗಾಲಿಗೂ ನಡುವಿನ ಸಂದು ಹೆಚ್ಚಾಗಿ, ಲೆಕ್ಕ ತಪ್ಪಿ, ದೀಪ ಹತ್ತುತ್ತಿತ್ತು. ಲೋಡು ಬಿದ್ದು ಕಾದಾಗ ಹೆಚ್ಚು, ಖಾಲಿ ಇದ್ದಾಗ ಇಲ್ಲ. ವೈರು, ಸೆನ್ಸರು, ಮೀಟರು ಎಲ್ಲವೂ ಸತ್ಯವನ್ನೇ ಹೇಳಿದ್ದವು.

ಗಾಲಿ ಬಿಚ್ಚಿ ಒಳಗಿನ ಬೇರಿಂಗು ತೆಗೆಯಲು ಒಂದೂವರೆ ತಾಸು ಹಿಡಿಯಿತು. ತೆಗೆದಾಗ ಅದು ಬೇರಿಂಗಿನ ರೂಪದಲ್ಲಿ ಇರಲಿಲ್ಲ. ಸುಟ್ಟ ಗ್ರೀಸು, ಒಡೆದ ಉಕ್ಕಿನ ಚೂರು, ಕರಿ ಪುಡಿ. ಬಾಳೇಶ ಅದನ್ನು ಒಂದು ಹಾಳೆಯ ಮೇಲೆ ಹಾಕಿಕೊಂಡು ಬೆಂಚಿನ ಹತ್ತಿರ ತಂದು ಸಾವ್ಕಾರರ ಮುಂದಿಟ್ಟ. ಅವರು ಒಂದು ಚೂರನ್ನು ಮುಟ್ಟಿ, ಅಂಚು ಚುಚ್ಚಿ, ಕೈ ಹಿಂದೆಳೆದುಕೊಂಡರು.

"ಇದು... ಘಾಟಿನ್ಯಾಗ ಏನಾಕ್ಕಿತ್ತು?"

"ಗಾಲಿ ಮುಂದ ಹೋಗ್ತಿತ್ರಿ, ಗಾಡಿ ಹಿಂದಿಂದ ಬರ್ತಿತ್ತು" ಅಂದ ಬಾಳೇಶ.

ಬೀರಣ್ಣ ಬಸಿಯನ್ನು ಕೆಳಗಿಟ್ಟು, ಅಂಗಡಿಯ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಅಂಜುಬುರುಕ ಅನ್ನಿಸಿಕೊಂಡ ನಾಲ್ಕು ತಿಂಗಳು ಅವನ ಕಣ್ಣಿನಿಂದ ಇಳಿಯತೊಡಗಿದವು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಪ್ರಮಿಳಾ ಅವನ ಪಕ್ಕ ಒಂದು ಲೋಟ ನೀರಿಟ್ಟು ಹೋದಳು.

ಗುರುಪುತ್ರಪ್ಪನವರು ಹಾಳೆಯ ಮೇಲಿನ ಪುಡಿಯನ್ನೇ ನೋಡುತ್ತಿದ್ದರು. ಬಾಳೇಶ ಬಯ್ಗುಳಕ್ಕೆ ತಯಾರಾಗಿದ್ದ, ಶಾಬಾಸ್‌ಗಿರಿಗೂ ತಯಾರಾಗಿದ್ದ, ಎರಡಕ್ಕೂ ಅದೇ ಮುಖ. ಸಾವ್ಕಾರರು ಎರಡರಲ್ಲಿ ಯಾವುದನ್ನೂ ಕೊಡಲಿಲ್ಲ. ಬಹಳ ಮೆಲ್ಲಗೆ, ಬಾಳೇಶನಿಗೆ ಮಾತ್ರ ಕೇಳುವಂತೆ ಹೇಳಿದರು.

"ಶಿವಲಿಂಗನ ಗಾಡೀದು ಹೋದ ತಿಂಗಳ ಬೈಪಾಸಿನ್ಯಾಗ ತಗಸೀನಿ."

"ಏನ್ ತಗಸೀರಿ?"

"ಬಲ್ಬ. ಅವಂದೂ ಹಿಂಗ ಹತ್ತತಿತ್ತು."

ಬಾಳೇಶನಿಗೆ ಮೊದಲು ಅನ್ನ ಕಿತ್ತುಕೊಂಡಂತಾಯಿತು. ಸಾವ್ಕಾರರ ಇನ್ನೊಬ್ಬ ಡ್ರೈವರು ಶಿವಲಿಂಗನ ಗಾಡಿ ಇಷ್ಟು ದಿನ ಶೆಡ್ಡಿಗೆ ಬರಲಿಲ್ಲ ಅಂದರೆ ನನ್ನ ಕೈಗುಣ ಚೆನ್ನಾಗಿದೆ ಅಂತ ಅವನು ಒಳಗೊಳಗೇ ಹಿಗ್ಗಿದ್ದ. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮತ್ತೊಂದು ಬಂತು.

"ಶಿವಲಿಂಗ ಇವತ್ತ ಎಲ್ಲಿ ಅದಾನ್ರಿ?"

ಸಾವ್ಕಾರರು ಫೋನು ತೆಗೆದರು. ಶಿವಲಿಂಗ ಅದೇ ಎರಕದ ಸಾಮಾನಿನ ಇನ್ನರ್ಧ ಹೇರಿಕೊಂಡು ಬೀರಣ್ಣನಿಗಿಂತ ಅರ್ಧ ತಾಸು ಮೊದಲೇ ಬೆಳಗಾವಿ ಬಿಟ್ಟಿದ್ದ. ಲೋಂಡಾ ದಾಟಿದರೆ ಕಾಡು, ಕಾಡಿನಲ್ಲಿ ಫೋನು ಹತ್ತುವುದಿಲ್ಲ. ನೀವು ಕರೆ ಮಾಡಿದ ಚಂದಾದಾರರು ಸಂಪರ್ಕದಲ್ಲಿಲ್ಲ ಅಂತ ಒಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು. ಸಾವ್ಕಾರರು ಮತ್ತೆ ಒತ್ತಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಎಂಟು ಸಲ, ಒಂಬತ್ತು ಸಲ. ಬೀರಣ್ಣ ಎದ್ದು ಬಂದು ಪಕ್ಕದಲ್ಲಿ ನಿಂತ. ಬಾಳೇಶ ಸಳಿ ಹಿಡಿದುಕೊಂಡೇ ನಿಂತಿದ್ದ, ಅದನ್ನು ಕೆಳಗಿಡಬೇಕು ಅಂತ ಅವನಿಗೆ ಹೊಳೆಯಲಿಲ್ಲ.

ಹನ್ನೊಂದನೆಯ ಸಲ ರಿಂಗಾಯಿತು. ಸಾವ್ಕಾರರು ಫೋನಿನ ದನಿ ಹೊರಗೆ ಕೇಳುವಂತೆ ಮಾಡಿದರು. ಮೊದಲು ಎಂಜಿನ್ನಿನ ಸದ್ದು, ಆಮೇಲೆ ಶಿವಲಿಂಗನ ಲವಲವಿಕೆಯ ಗಂಟಲು.

"ಹಾಂ, ನಮಸ್ಕಾರ್ರಿ ಸಾವ್ಕಾರ್ರ! ಏನ್ರಿ?"

"ಶಿವಲಿಂಗಾ... ಎಲ್ಲಿ ಅದೀಯಪಾ?"

"ಲೋಂಡಾದಾಗ ಊಟ ಮಾಡಿ, ಒಂದ ನಿದ್ದಿ ತಗದು, ಅನಮೋಡ ದಾಟೀನ್ರಿ, ಈಗ ಘಾಟ್ ಇಳಿಯಾಕ ಚಾಲೂ ಮಾಡೀನಿ."

"ಗಾಡಿ... ಗಾಡಿ ಹೆಂಗ ಐತಿ?"

"ಏ, ಭಾಳ ಛಲೋ ಐತ್ರಿ! ಏನೂ ಚಿಂತಿ ಮಾಡಬ್ಯಾಡ್ರಿ ನೀವು. ಒಂದೂ ಲೈಟ್ ಹತ್ತಿಲ್ಲ."